ಹೆಂಗಸರ ಸಾಲಿನಲ್ಲಿ ಸಾಳುಂಖೆ

ಆಗಸ್ಟ್ 22, ಗುರುವಾರ

ಯೂನಿಯನ್‌ನವರು ಕೊಟ್ಟ ಡೈರಿ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಯಾರ ಮುಂದೆಯೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೆ ತೆಗೆದೆ.

ಬೆಳಿಗ್ಗೆ ಶಾಲನ ನನ್ನ ಬನಿಯನ್ ಹಿಡಿದುಕೊಂಡು ಬಚ್ಚಲಿನಿಂದ ಬಂದಳು. ಎಡಗಡೆ ಎದೆಯ ಹತ್ತಿರ ಕಂದು ಕಲೆ.

"ಇದೇನ್ರಿ?"

"ಸೊಳ್ಳಿ ಹೊಡದಿದ್ದೆ."

"ಒಳಗಿಂದ ಹೊಡದ್ರೇನು? ಕಲಿ ಒಳಮೈಗೆ ಐತಿ."

ಹೆಂಡತಿ ಎನ್ನುವವಳಿಗೆ ಮೂವತ್ತು ವರ್ಷದ ಮೇಲೆ ಸುಳ್ಳು ಹೇಳಬಾರದು, ವ್ಯರ್ಥ. ಗಂಟು ಇರುವುದು ನನಗೆ ಆಷಾಢದಿಂದಲೇ ಗೊತ್ತು. ಎಡ ಮೊಲೆತೊಟ್ಟಿನ ಕೆಳಗೆ, ಹುಣಸೆ ಬೀಜದಷ್ಟು. ಒತ್ತಿದರೆ ನೋಯುವುದಿಲ್ಲ. ಪಂಢರಪುರ ಯಾತ್ರೆಯ ಗದ್ದಲದಲ್ಲಿ ಬಸ್ಸಿನ ಬಾಗಿಲು ಬಡಿದಿತ್ತು, ಅದರದ್ದೇ ಬಾವು ಅಂದುಕೊಂಡಿದ್ದೆ.

ಸಂಜೆ ಅವಳೇ ಎಳೆದುಕೊಂಡು ಹೋದಳು. ನಮ್ಮ ಓಣಿಯ ಡಾಕ್ಟರ್ ಶಹಾ ಬಾಯಿಬಡುಕ ಮನುಷ್ಯ. ಜ್ವರ ನೋಡುತ್ತ ರಾಜಕೀಯ ಹೇಳುತ್ತಾನೆ. ಇವತ್ತು ಗಂಟು ಒತ್ತಿದವನೇ ಮಾತು ನಿಲ್ಲಿಸಿದ. ಕಂಕುಳಲ್ಲೂ ಬೆರಳಾಡಿಸಿದ. ಮಿರಜಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದ. ಮ್ಯಾಮೊಗ್ರಫಿ.

"ಡಾಕ್ಟರೇ, ಅದು ಹೆಣ್ಮಕ್ಕಳದ್ದಲ್ಲೇನ್ರಿ?"

"ಗಂಡಸ್ರಿಗೂ ಎದಿ ಇರತೈತಿ, ಸಾಳುಂಖೆ. ನಾಳೀನ ಹೋಗ್ರಿ."

ಇಷ್ಟು ವರ್ಷ ಸಾಂಗ್ಲಿ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿದವನು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ.

ಆಗಸ್ಟ್ 27, ಮಂಗಳವಾರ

ನಾಳೆ ನಾಳೆ ಅಂತ ನಾಲ್ಕು ದಿನ ತಳ್ಳಿ ಇವತ್ತು ಮಿರಜಿಗೆ ಹೋಗಿ ಬಂದೆ. ಪರೀಕ್ಷೆ ಆಗಲಿಲ್ಲ.

ಆ ಕೋಣೆಯ ಹೊರಗೆ ಎರಡು ಸಾಲು ಬೆಂಚು, ಎರಡರಲ್ಲೂ ಹೆಂಗಸರು. ನಾನು ಗೋಡೆಗೆ ಆತು ನಿಂತೆ. ಮಿಸ್ರಿ ತಂಬಾಕು ತಿಕ್ಕಿ ಹಲ್ಲು ಕಪ್ಪಾದ ಒಬ್ಬ ಮುದುಕಿ, ಹಸಿರು ಸೀರೆ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಏನ್ ಪಾವ್ಣ್ಯಾ, ಹೆಣ್ತೀನ ಎಲ್ಲಿ ಬಿಟ್ಟು ಬಂದ್ರಿ?"

"ಬರ್ತಾಳ," ಅಂದೆ.

ಸ್ವಲ್ಪ ಹೊತ್ತಿಗೆ ನರ್ಸ್ ಬಾಗಿಲಲ್ಲಿ ನಿಂತು, "ಸಾಳುಂಖೆ ಯಾರ್ರಿ? ಸಾಳುಂಖೆಬಾಯಿ ಬರ್ರಿ," ಅಂದಳು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಗೋಡೆಯ ಮೇಲಿನ ಪೋಲಿಯೊ ಭಿತ್ತಿಪತ್ರ ಓದುತ್ತ ನಿಂತೆ. ನರ್ಸ್ ಇನ್ನೊಮ್ಮೆ ಕೂಗಿ ಮುಂದಿನ ಹೆಸರಿಗೆ ಹೋದಳು. ನಾನು ಗೇಟಿಗೆ ಬಂದು ಚಹಾ ಕುಡಿದೆ. ಇನ್ನೊಂದು ಚಹಾ ಕುಡಿದು ಬಸ್ಸು ಹತ್ತಿದೆ.

ಮನೆಯಲ್ಲಿ ಮಷೀನ್ ಕೆಟ್ಟಿದೆ ಅಂದೆ.

"ನಾಡದು ನಾನೂ ಬರ್ತೀನಿ," ಅಂದಳು ಶಾಲನ. "ಮಷೀನ್ ನನ್ನ ಮುಂದ ಕೆಡಲಿ."

ಆಗಸ್ಟ್ 29, ಗುರುವಾರ

ಶಾಲನ ಮುಂದೆ, ನಾನು ಹಿಂದೆ. ನರ್ಸ್ ಅವಳ ಕೈಯಿಂದ ಚೀಟಿ ತೊಗೊಂಡು, "ಬಾಯಿ ಒಳಗ ಬರ್ರಿ, ಯಜಮಾನ್ರು ಹೊರಗ ನಿಲ್ಲಲಿ," ಅಂದಳು.

"ನನಗಲ್ಲವಾ. ಇವ್ರಿಗೆ."

ಎಲ್ಲ ಬೆಂಚುಗಳ ಮಾತು ನಿಂತಿತು. ಹಸಿರು ಸೀರೆಯ ಮುದುಕಿ ಇವತ್ತೂ ಇದ್ದಳು. ಸುಮ್ಮನಿರುವ ಪೈಕಿಯವಳಲ್ಲ. "ಹಂಗಾರ ಅವತ್ತು ಕಳಕೊಂಡ ಸಾಳುಂಖೆಬಾಯಿ ಇವ್ರೇನು? ನಾವು ಸಂಡಾಸದಾಗೂ ಹುಡುಕಿದ್ವಿ," ಅಂದಳು. ಹೆಂಗಸರು ನಕ್ಕರು. ಶಾಲನಳೂ ನಕ್ಕಳು, ಅದು ನನಗೆ ಸಿಟ್ಟು ತರಿಸಿತು. ಅವತ್ತು ಚಹಾದಂಗಡಿಯ ಹತ್ತಿರ ನಾನೇನು ಮಾಡಿದೆ ಅಂತ ಅವಳಿಗೆ ಆ ಕ್ಷಣವೇ ತಿಳಿದಿರಬೇಕು.

ಒಳಗೆ ತಂಪು. ಹುಡುಗಿಯಂಥ ಒಬ್ಬ ತಂತ್ರಜ್ಞೆ. ಎರಡು ಹಲಗೆಗಳ ನಡುವೆ ಎದೆ ಇಟ್ಟು ಒತ್ತಬೇಕು. ನನ್ನಲ್ಲಿ ಒತ್ತಲು ಏನಿದೆ? ಆಕೆ ಚರ್ಮ ಹಿಡಿದು ಎಳೆದು ಎಳೆದು ಸಿಕ್ಕಿಸಿದಳು. "ಉಸಿರು ಹಿಡೀರಿ ಕಾಕಾ." ಹಿಡಿದೆ. ಕಣ್ಣಲ್ಲಿ ನೀರು ಬಂತು, ನೋವಿಗೆ. ಆಮೇಲೆ ತಣ್ಣನೆಯ ಜಿಗುಟು ಹಚ್ಚಿ ಸೊನೋಗ್ರಫಿ. ಡಾಕ್ಟರ್ ಅಭ್ಯಂಕರ್, ಹೆಣ್ಣುಮಗಳು, ನಮ್ಮ ಮಗಳು ಕೇತಕಿಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು. ಪರದೆ ನೋಡುತ್ತ, "ಇಲ್ಲಿಂದ ಸೂಜಿ ಹಾಕಿ ಒಂದು ತುಣುಕು ತೆಗೀಬೇಕು," ಅಂದಳು.

"ಏನಿರಬಹುದು?"

"ಅದನ್ನು ತಿಳಿಯೋಕೇ ತೆಗೆಯೋದು ಕಾಕಾ."

ನಮ್ಮ ಸ್ಟ್ಯಾಂಡಿನಲ್ಲಿ ಜನ ಬಂದು, ಬಸ್ಸು ಯಾವಾಗ ಬರತೈತಿ ಅಂದರೆ ನಾನೂ ಹೀಗೇ, "ಬಂದಾಗ" ಅನ್ನುತ್ತೇನೆ. ಎಷ್ಟು ಕೆಟ್ಟ ಉತ್ತರ ಅದು.

ಸೆಪ್ಟೆಂಬರ್ 2, ಸೋಮವಾರ

ಸೂಜಿ ಆಯಿತು. ಮರಗಟ್ಟಲು ಮದ್ದು ಕೊಟ್ಟಿದ್ದರು, ನೋವಿರಲಿಲ್ಲ. ಸದ್ದು ಮಾತ್ರ, ಹಳೆಯ ಕಾಲದ ಟಿಕೆಟ್ ಪಂಚಿನಂಥ 'ಕಟಕ್'. ಒಂದಲ್ಲ, ಹಲವು ಬಾರಿ. ಪ್ರತಿ ಸಲವೂ ಡಾಕ್ಟರ್ ಮೊದಲೇ ಹೇಳುತ್ತಿದ್ದಳು, ಆದರೂ ಬೆಚ್ಚಿದೆ.

"ರಿಪೋರ್ಟ್ ಮುಂದಿನ ವಾರ ಶುಕ್ರವಾರ. ನಡುವೆ ಗಣಪತಿ ಹಬ್ಬ ಬಂತು."

"ಗಣಪತಿಗೂ ಇದಕ್ಕೂ ಏನ್ರಿ ಸಂಬಂಧ?"

"ಲ್ಯಾಬಿನವರಿಗೂ ಮನೆ ಇದೆಯಲ್ಲ ಕಾಕಾ."

ಸರಿಯಾದ ಮಾತು. ಆದರೂ ಆ ಲ್ಯಾಬಿನವನು ಮನೆಯಲ್ಲಿ ಮೋದಕ ತಿನ್ನುತ್ತಿರುವುದು ಈಗಲೇ ಕಣ್ಣಿಗೆ ಕಾಣುತ್ತಿದೆ.

ಕೇತಕಿಗೆ ಹೇಳಬಾರದು ಅಂತ ಶಾಲನಳಿಗೆ ಖಡಾಖಂಡಿತ ಹೇಳಿದ್ದೇನೆ. ಮಗು ಇನ್ನೂ ಚಿಕ್ಕದು, ಶಾಲೆಯ ಕೆಲಸ, ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಹೇಳಿ ಮಾಡುವುದೇನು?

ಸೆಪ್ಟೆಂಬರ್ 4, ಬುಧವಾರ

ಕೂರಲಾಗುತ್ತಿಲ್ಲ. ಸೋರದ ನಳ ಬಿಚ್ಚಿ ರಿಪೇರಿ ಮಾಡಿದೆ. ಈಗ ಸೋರುತ್ತಿದೆ.

ಸೆಪ್ಟೆಂಬರ್ 5, ಗುರುವಾರ

ಪಂಢರಪುರದ ಗಾಡಿಯನ್ನು ಕರಾಡ ಅಂತ ಕೂಗಿದೆ. ಅರ್ಧ ಜನ ಹತ್ತಿ ಕೂತಿದ್ದರು. ಕಂಡಕ್ಟರ್ ಟಿಕೆಟ್ ಕೊಡಲು ಹೋದಾಗ ಜಗಳ. ಒಬ್ಬ ಮುದುಕ ಕಂಟ್ರೋಲ್ ರೂಮಿನ ಕಿಟಕಿಗೆ ಬಂದು, "ವಿಠ್ಠಲ ನನ್ನ ಕರದಿಲ್ಲ, ನೀವ್ಯಾಕ ಅವನ ಹಂತ್ಯಾಕ ಕಳಸ್ತೀರಿ?" ಅಂದ.

ಜೊತೆಗಾರ ಇಲಾಹಿ ಮುಲಾಣಿ ಮೈಕ್ ಕಸಿದುಕೊಂಡು ಸರಿಮಾಡಿದ. ಆಮೇಲೆ ನನ್ನ ಅಂಗಿಯೊಳಗಿನ ಪಟ್ಟಿ ನೋಡಿ ಏನಾಯಿತು ಅಂದ. ಕುರು ಅಂದೆ. "ಕುರು ಆದ್ರ ಸಿಟ್ಟು ಬರತೈತಿ. ನೀವು ಸಿಟ್ಟಿಗೆದ್ದಿಲ್ಲ, ಹೆದರೀರಿ," ಅಂದ. ನಾನು ರಜೆ ಅರ್ಜಿಗಳನ್ನು ಜೋಡಿಸತೊಡಗಿದೆ. ಅವನು ಮತ್ತೆ ಕೇಳಲಿಲ್ಲ. ಚಹಾ ತಂದಿಟ್ಟ.

ಸೆಪ್ಟೆಂಬರ್ 7, ಶನಿವಾರ

ಗಣಪತಿ ಬಂದ. ಮೋದಕ ತಿನ್ನುವಾಗ ಲ್ಯಾಬಿನವನೇ ನೆನಪಾದ.

ಸೆಪ್ಟೆಂಬರ್ 10, ಮಂಗಳವಾರ

ನಮ್ಮ ಕಡೆ ಗಣಪತಿಯ ಹಿಂದೆ ಗೌರಿ. ಗೌರಿ ಬಂದಳು, ಕರಾಡಿನಿಂದ ಕೇತಕಿಯೂ ಬಂದಳು. ಹೊಸಿಲಲ್ಲಿ ಮಗಳ ಕಾಲಿಗೆ ನೀರು ಹಾಕಿ ಶಾಲನ ಒಳಗೆ ಕರೆದಳು. ಸಬ್ಬಸಿಗೆ ಪಲ್ಯ, ಜೋಳದ ಭಾಕರಿ. ಮನೆ ತುಂಬಿದಂತಿತ್ತು.

ಮೊಮ್ಮಗಳು ರೇವಾ ಓಡಿ ಬಂದು ಎದೆಗೆ ಹಾರಿದಳು. ಸರಿಯಾಗಿ ಸೂಜಿ ಹಾಕಿದ ಜಾಗಕ್ಕೆ ಮೊಣಕೈ. "ಇಳಸ ಆಕಿನ್ನ" ಅಂತ ಚೀರಿದೆ. ಮಗು ಅಳತೊಡಗಿತು. ಕೇತಕಿ ಎತ್ತಿಕೊಂಡು ನನ್ನನ್ನೇ ನೋಡಿದಳು. "ಏನಾಗೇತಿ ಬಾಬಾ?"

"ಸೆಕಿಗೆ ತಲಿ ನೋವು."

ಹೊರಗೆ ಮಳೆ ಬರುತ್ತಿತ್ತು.

ಸೆಪ್ಟೆಂಬರ್ 11, ಬುಧವಾರ

ಇಡೀ ದಿನ ಪೂಜೆ, ಪುರಣಪೋಳಿ, ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ನಾನು ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ. ನೆರೆಯವಳು ನನ್ನನ್ನು ನೋಡಿ, "ದಿನಕರಭಾವಜಿಗೆ ಇವತ್ತು ಡ್ಯೂಟಿ ಮನ್ಯಾಗ ಐತೇನು, ಫೇರಿ ಹೊಡ್ಯಾಕತ್ತಾರ," ಅಂದಳು.

ಅಡುಗೆಮನೆಯಲ್ಲಿ ಶಾಲನ ಹಿಡಿದು ನಿಲ್ಲಿಸಿದಳು. "ಕೇತಕಿಗೆ ನಾನು ಹೇಳ್ತೀನಿ."

"ಹೇಳಿದ್ರ ನನ್ನ ಮಾರಿ ನೋಡಬ್ಯಾಡ."

"ಈಗರ ಎಲ್ಲಿ ನೋಡ್ತೀನಿ? ನಿಲ್ಲೂದ ಇಲ್ಲ ನೀವು ಒಂದ್ಕಡೆ."

ಹೂರಣದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನಾನು ಹಿತ್ತಲಿಗೆ ಹೋದೆ. ಅಲ್ಲಿ ಕೇತಕಿ ರೇವಾಳ ಬಟ್ಟೆ ಹಿಂಡುತ್ತಿದ್ದಳು. ಮಗುವಿಗೆ ಎದೆಹಾಲು ಬಿಡಿಸಿದ್ದಾಗಿದೆ, ಹಾಗಾಗಿ ಹಟ ಜಾಸ್ತಿ ಅಂದಳು. ಇಬ್ಬರೂ ಸೇರಿ ಬಟ್ಟೆ ಒಣಹಾಕಿದೆವು. ಹೇಳಲಿಲ್ಲ. ಅವಳೂ ಏನೋ ಹೇಳಬೇಕೆಂದು ಬಂದವಳ ಹಾಗೆ ನಿಂತು, ಒಳಗೆ ಹೋದಳು.

ಸೆಪ್ಟೆಂಬರ್ 13, ಶುಕ್ರವಾರ

ಶಾಲನಳಿಗೆ ಜ್ವರ. ಒಬ್ಬನೇ ಹೋದೆ.

ಹಬ್ಬ ಕಳೆದ ಮೊದಲ ದಿನ, ಬೆಂಚು ಸಾಲದಷ್ಟು ಜನ. ನರ್ಸ್ ಕೂಗುವುದು ಆ ತುದಿಯವರಿಗೆ ಕೇಳುತ್ತಿರಲಿಲ್ಲ. ಹೆಸರು ತಪ್ಪಿಹೋದ ಒಬ್ಬಾಕೆ ಜಗಳಕ್ಕೆ ನಿಂತಳು. ತಲೆ ಚಿಟ್ಟುಹಿಡಿಯಿತು. ಎದ್ದು ನರ್ಸ್ ಪಕ್ಕ ನಿಂತು ನಾನೇ ಕೂಗಿದೆ. "ಕವಠೆಮಹಾಂಕಾಳ ಊರಿನ ಶೇವಂತಾಬಾಯಿ ಮಗ್ದೂಮ, ಎರಡನೇ ಬಾಗಲಾ." ಒಂದು ಹೆಸರೂ ತಪ್ಪಲಿಲ್ಲ. ಬಸುರಿಯೊಬ್ಬಳಿಗೆ ಜಾಗ ಬಿಡಿಸಿಕೊಟ್ಟೆ. ಫ್ಯಾನ್ ತಿರುಗುತ್ತಿರಲಿಲ್ಲ, ವಾರ್ಡ್‌ಬಾಯ್‌ಗೆ ಎರಡು ಮಾತು ಅಂದು ತಿರುಗಿಸಿದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

ಹಸಿರು ಸೀರೆಯ ಮುದುಕಿಯ ಹೆಸರು ಹೌಸಾಬಾಯಿ ಲೋಂಢೆ. ತಾಸಗಾಂವ ಕಡೆಯವಳು, ದ್ರಾಕ್ಷಿ ತೋಟ ಇದೆ. ಅವಳ ಸರದಿ ಬಂದಾಗ ಎದ್ದು ನನ್ನ ಹತ್ತಿರ ಬಂದಳು.

"ಒಬ್ಬಾಕಿನ ಬರಬ್ಯಾಡ, ಯಾರನ್ನರ ಕರ್ಕೊಂಡು ಬಾ ಅಂದಾರ. ಮಗ ಟ್ರಕ್ ತೊಗೊಂಡು ಗುಜರಾತಕ್ಕ ಹೋಗ್ಯಾನ, ಸೊಸಿ ಬಾಣಂತಿ. ನೀವ ಬರ್ರಿ."

"ನಾನು ಯಾರಂತ ಬರಲಿ?"

"ಬರ್ರಿ ಅಂದ್ರ ಬರ್ರಿ."

ಡಾಕ್ಟರ್ ಅಭ್ಯಂಕರ್ ನಮ್ಮಿಬ್ಬರನ್ನೂ ನೋಡಿದಳು. "ಇವರು?"

"ತಮ್ಮ," ಅಂದಳು ಹೌಸಾಬಾಯಿ.

ಡಾಕ್ಟರಿಗೆ ನಾನು ಯಾರೆಂದು ಗೊತ್ತು. ಏನೂ ಅನ್ನಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡು ಮುದುಕಿಯ ಕೈ ಹಿಡಿದು ಮೆಲ್ಲಗೆ ಹೇಳಿದಳು. ಕ್ಯಾನ್ಸರ್. ಮೊದಲು ಕೆಲವು ತಿಂಗಳು ಔಷಧ, ಆಮೇಲೆ ಆಪರೇಷನ್. ಹೌಸಾಬಾಯಿ ಎಲ್ಲ ಕೇಳಿಸಿಕೊಂಡು, "ಅಕ್ಟೋಬರದಾಗ ದ್ರಾಕ್ಷಿ ಬಳ್ಳಿ ಕತ್ತರಿಸೂದೈತಿ. ಅದರಕಿಂತ ಮೊದ್ಲ ಸುರು ಮಾಡ್ತೀರೋ, ಆಮ್ಯಾಲೋ?" ಅಂದಳು.

"ಮೊದಲೇ ಆಜಿ. ಮುಂದಿನ ವಾರವೇ."

ಹೊರಗೆ ಬಂದು ಕೂತಳು. "ಅಳು ಬರಾಕತ್ತೇತಿ ತಮ್ಮಾ. ಇಷ್ಟು ಮಂದಿ ಮುಂದ ನಾಚಿಕಿ."

ನಾನು ಎದ್ದು ಜನಕ್ಕೆ ಬೆನ್ನು ಮಾಡಿ ಅವಳ ಮುಂದೆ ಅಡ್ಡ ನಿಂತೆ. ಸೆರಗು ಮುಖಕ್ಕೆ ಒತ್ತಿ ಅತ್ತಳು. ಬಹಳ ಹೊತ್ತೇನಲ್ಲ. "ಆತು, ಸರೀರಿ ಇನ್ನ," ಅಂದಳು. ಅವಳನ್ನು ತಾಸಗಾಂವ ಗಾಡಿ ಹತ್ತಿಸಿ, ಕಂಡಕ್ಟರಿಗೆ ಹೇಳಿ, ತಿರುಗಿ ನನ್ನ ಸರದಿಗೆ ಬಂದೆ.

ನನ್ನದು ಖಚಿತವಿಲ್ಲವಂತೆ. ಅನುಮಾನವಿದೆ, ಆದರೆ ಹೌದೆನ್ನುವ ಹಾಗಿಲ್ಲ, ಅಲ್ಲವೆನ್ನುವ ಹಾಗೂ ಇಲ್ಲ. ಬೇರೆ ಬಣ್ಣ ಹಾಕಿ ನೋಡಲು ಆ ತುಣುಕನ್ನು ಪುಣೆಗೆ ಕಳಿಸುತ್ತಾರೆ. ಇನ್ನೊಂದು ವಾರ.

ಕುರ್ಚಿಯನ್ನು ಎತ್ತಿ ಒಗೆಯಬೇಕೆನಿಸಿತು. "ಆಗಲಿ" ಅಂದು ಬಂದೆ.

ಸೆಪ್ಟೆಂಬರ್ 16, ಸೋಮವಾರ

ಏನೂ ಇಲ್ಲ. ಫೋನ್ ಕೆಟ್ಟಿದೆಯೇನೋ ಅಂತ ಮುಲಾಣಿಯ ಫೋನಿನಿಂದ ನನ್ನದಕ್ಕೆ ಹೊಡೆದು ನೋಡಿದೆ. ಚೆನ್ನಾಗಿದೆ.

ಅವನಿಗೆ ಹೇಳಿದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವನು, "ಗಂಡಸ್ರಿಗೂ ಬರತೈತೇನ್ರಿ ಅದು?" ಅನ್ನಲಿಲ್ಲ. ತನ್ನ ಅಂಗಿಯೊಳಗೆ ಕೈ ಹಾಕಿ ಒತ್ತಿ ನೋಡಿಕೊಂಡ. ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 20, ಶುಕ್ರವಾರ

ಹೌದಂತೆ.

ಚಿಕ್ಕದಿದೆ, ಬೇಗ ಬಂದಿದ್ದೀರಿ ಅಂದಳು ಡಾಕ್ಟರ್. ಬೇಗ ತಂದವಳು ಪಕ್ಕದಲ್ಲಿ ಕೂತು ನನ್ನ ಅಂಗಿಯ ತೋಳು ಹಿಡಿದಿದ್ದಳು. ಆಪರೇಷನ್ ಮುಂದಿನ ಗುರುವಾರ. ಎಡಗಡೆ ಎಲ್ಲ ತೆಗೆಯುತ್ತಾರೆ. ಆಮೇಲಿನ ಔಷಧ ಆಗ ನೋಡೋಣ ಅಂದಳು.

"ಮನೆತನದಲ್ಲಿ ಯಾರಿಗಾದರೂ ಇತ್ತಾ?"

ಇಲ್ಲ ಅಂದೆ. ಆಮೇಲೆ ಅಪ್ಪನ ತಂಗಿ ನೆನಪಾದಳು. ಎದೆಯಲ್ಲಿ ಹುಣ್ಣಾಗಿ ಹೋದಳು. ನಾನಾಗ ಚಿಕ್ಕವನು. ಮನೆಯಲ್ಲಿ ಯಾರೋ ಮಾಟ ಮಾಡಿಸಿದ್ದಾರೆ ಅನ್ನುತ್ತಿದ್ದರು. ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟಳು.

"ಮಗಳಿದ್ದಾಳಾ ಕಾಕಾ?"

ಅಲ್ಲಿಯವರೆಗೆ ನಾನು ಗಟ್ಟಿಯಿದ್ದೆ. ಕಾಯಿಲೆ ನನ್ನದು, ಮೈ ನನ್ನದು. ಇದು ರಕ್ತದಲ್ಲಿ ಇಳಿದು ಮಗಳಿಗೂ ಹೋಗಿರಬಹುದು ಅಂದಾಗ ಆ ಗಟ್ಟಿತನ ಉಳಿಯಲಿಲ್ಲ. ನನ್ನ ರಕ್ತ ತೆಗೆದುಕೊಂಡಿದ್ದಾರೆ. ಅದರ ಉತ್ತರ ಬರಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಮಗಳನ್ನು ಒಮ್ಮೆ ತೋರಿಸಿ ಅಂದಳು.

ಬಸ್ಸಿನಲ್ಲಿ ಶಾಲನ, "ಫೋನ್ ಮಾಡ್ಲೇನು ಆಕಿಗೆ?" ಅಂದಳು.

"ಬ್ಯಾಡ. ನಾಳೆ ನಾನ ಹೋಗ್ತೀನಿ."

ಸೆಪ್ಟೆಂಬರ್ 21, ಶನಿವಾರ

ಕರಾಡಿಗೆ ಹತ್ತು ಗಂಟೆಯ ಗಾಡಿ. ಡ್ರೈವರ್ ಮುಂದಿನ ಸೀಟು ಕೊಟ್ಟ, ಕೂರಲಿಲ್ಲ, ಕಂಬ ಹಿಡಿದು ನಿಂತೇ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸಿದೆ. ಅವಳು ಬಾಗಿಲು ತೆರೆದಾಗ ಒಂದೂ ನೆನಪಿಗೆ ಬರಲಿಲ್ಲ.

ಶಾಲೆ ಅರ್ಧ ದಿನ, ಆಗಷ್ಟೇ ಬಂದಿದ್ದಳು. ಅಳಿಯ ಒಳಗೆ ಮಲಗಿದ್ದ. ಅಡುಗೆಮನೆಯಲ್ಲಿ ನಿಂತು ಹೇಳಿದೆ. ಗಂಟು, ಸೂಜಿ, ಪುಣೆ, ಎಲ್ಲ. ಅವಳು ಬೆಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೌರಿಗೆ ಬಂದಾಗ ಗೊತ್ತಿತ್ತು ನಿಮಗ."

"ಖಾತ್ರಿ ಇದ್ದಿಲ್ಲ."

"ಮಗೂನ ಮ್ಯಾಲೆ ಚೀರಿದ್ರಿ. ಅದು ಎರಡು ದಿನ ನಿಮ್ಮ ಹತ್ರ ಬರಲಿಲ್ಲ. ನಾನು ಏನೇನೋ ತಿಳಕೊಂಡೆ ಬಾಬಾ. ಕುಡ್ಯಾಕ ಹತ್ತೀರೇನೋ ಅಂತನೂ ಅನಿಸ್ತು."

"ನಿನಗ ಯಾಕ ತ್ರಾಸ ಅಂತ..."

"ತ್ರಾಸ ಆಗಲಿಲ್ಲೇನು?"

ಅಪ್ಪನ ತಂಗಿಯ ಸಂಗತಿ ಹೇಳಿದೆ, ಡಾಕ್ಟರ್ ಕೇಳಿದ್ದನ್ನೂ ಹೇಳಿದೆ. "ನೀನೂ ಒಮ್ಮೆ ತೋರಸಬೇಕಂತ."

ಈಳಿಗೆಯ ಮೇಲೆ ಅವಳ ಕೈ ನಿಂತಿತು.

"ನನಗೂ ಐತಿ ಬಾಬಾ," ಅಂದಳು. "ಬಲಕ್ಕ. ರೇವಾಗ ಹಾಲು ಬಿಡಿಸಿದಾಗಿಂದ. ಹಾಲಿನ ಗಂಟು ಇರಬೇಕು ಅಂತ ಬಿಟ್ಟೀನಿ. ಅವ್ವಾಗ ಹೇಳಬೇಕಂತ ಹಬ್ಬಕ್ಕ ಬಂದಿದ್ದೆ. ನಿಮ್ಮಿಬ್ಬರ ಮಾರಿ ನೋಡಿ ಹೇಳಲಿಲ್ಲ."

ನಾನು ಆ ಅಡುಗೆಮನೆಯ ನೆಲದ ಮೇಲೆ ಅವಳ ಎದುರು ಕೂತೆ. ಚಿಕ್ಕವಳಿದ್ದಾಗ ಬಿದ್ದು ಬಂದರೆ ಬೈದು ಎಬ್ಬಿಸುತ್ತಿದ್ದೆ. ಇವತ್ತು ಬೈಯಲೂ ಬರಲಿಲ್ಲ, ಎಬ್ಬಿಸಲೂ ಬರಲಿಲ್ಲ. ಅವಳ ಮುಂದಿನ ಬೆಂಡೆಕಾಯಿ ತೊಗೊಂಡು ತುದಿ ಮುರಿಯತೊಡಗಿದೆ. ಇಬ್ಬರೂ ಅಳುತ್ತಿದ್ದೆವು. ರೇವಾ ಬಂದು ಇಬ್ಬರನ್ನೂ ನೋಡಿ ತಾನೂ ಒಂದು ಬೆಂಡೆಕಾಯಿ ಎತ್ತಿಕೊಂಡಳು.

ಸೆಪ್ಟೆಂಬರ್ 23, ಸೋಮವಾರ

ನಾಳೆ ಕೇತಕಿಯ ಪರೀಕ್ಷೆ. ನನ್ನ ಆಪರೇಷನ್‌ಗೆ ಏನೇನು ತರಬೇಕೆಂದು ನರ್ಸ್ ಫೋನ್ ಮಾಡಿದ್ದಳು. ಒಂದೂ ತಲೆಗೆ ಹೋಗಲಿಲ್ಲ. ಶಾಲನಳ ಕೈಗೆ ಫೋನ್ ಕೊಟ್ಟೆ.

ಸೆಪ್ಟೆಂಬರ್ 24, ಮಂಗಳವಾರ

ಅಳಿಯ ರೇವಾಳನ್ನು ನೋಡಿಕೊಂಡು ಸಾಂಗ್ಲಿಯ ಮನೆಯಲ್ಲಿ ಉಳಿದ. ನಾವು ಮೂವರು ಮಿರಜಿಗೆ.

ಕೇತಕಿಯನ್ನು ಒಳಗೆ ಕರೆದರು. ಶಾಲನ ಜೊತೆಗೆ ಹೋದಳು. ನಾನು ಹೊರಗೆ. ಬೆಂಚಿನಲ್ಲಿ ಜಾಗವಿತ್ತು, ಕೂತೆ, ಎದ್ದೆ. ನರ್ಸ್, "ಕಾಕಾ, ಇವತ್ತು ನಿಮ್ಮದಲ್ಲ ಬಿಡ್ರಿ," ಅಂದಳು. ಯಾರದ್ದಂತ ಹೇಗೆ ಹೇಳಲಿ ಅವಳಿಗೆ? ನನ್ನದಾಗಿದ್ದರೆ ಎಷ್ಟೋ ಹಗುರವಿತ್ತು. ನನ್ನ ರಿಪೋರ್ಟಿಗೆ ಕಾದ ಆ ದಿನಗಳೆಲ್ಲ ಈ ಅರ್ಧ ತಾಸಿನ ಮುಂದೆ ಆಟ.

ಕಾರಿಡಾರಿನ ತುದಿಗೆ ಹೋದೆ. ಅಲ್ಲಿ ಔಷಧದ ವಾರ್ಡು. ಬಾಗಿಲ ಗಾಜಿನೊಳಗೆ ಹೌಸಾಬಾಯಿ ಕಂಡಳು. ಕೈಗೆ ಬಾಟಲಿ, ಪಕ್ಕದಲ್ಲಿ ಟ್ರಕ್ಕಿನ ಮಗ. ನನ್ನನ್ನು ನೋಡಿ ಬಾ ಅಂದಳು. ಒಳಗೆ ಹೋಗಿ ಮಗಳು ಬಂದಿದ್ದಾಳೆ, ಒಳಗಿದ್ದಾಳೆ ಅಂದೆ. ಅವಳು ತಮಾಷೆ ಮಾಡಲಿಲ್ಲ.

"ನಿಮ್ಮದೇನಾತು?"

"ಹೌದಂದ್ರು. ಗುರುವಾರ ಆಪರೇಷನ್."

"ಹೂಂ." ಬಾಟಲಿ ಇಲ್ಲದ ಕೈಯಿಂದ ಬಾಗಿಲು ತೋರಿಸಿ, "ಹೋಗ್ರಿ. ಆಕಿ ಹೊರಗ ಬಂದಾಗ ನೀವು ಕಾಣಬೇಕು," ಅಂದಳು.

ಓಡಿ ಬಂದೆ. ಬಾಗಿಲು ಇನ್ನೂ ಮುಚ್ಚಿತ್ತು. ಅದರ ಎದುರಿಗೇ ನಿಂತೆ.

ಮೊದಲು ಶಾಲನ ಬಂದಳು. ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ, ಅತ್ತಿದ್ದಳು. ಹಿಂದೆ ಕೇತಕಿ, ಓಢಣಿ ಸರಿಮಾಡಿಕೊಳ್ಳುತ್ತ.

"ಹಾಲಿನ ಗಂಟ ಅದು ಬಾಬಾ. ಡಾಕ್ಟರ್ ಸೂಜೀಲೆ ಎಳದು ತೋರಿಸಿದ್ರು. ಹಾಲ ಬಂತು, ಗಂಟು ಹೋತು."

"ಖಾತ್ರಿ?"

"ಖಾತ್ರಿ. ನಿಮ್ಮ ರಕ್ತದ್ದು ಬಂದ ಮ್ಯಾಲೆ ನನ್ನದೂ ನೋಡ್ತಾರ. ಅದು ಏನ ಬರಲಿ, ವರ್ಷಕ್ಕೊಮ್ಮೆ ತೋರಸ್ಬೇಕಂತ. ಇವತ್ತಿಗಂತೂ ಏನಿಲ್ಲ."

ಶಾಲನ ಸೆರಗಿನಿಂದ ಮೂಗು ಒರೆಸಿಕೊಂಡು, "ನಡೀರಿ, ಸಾಂಗ್ಲಿ ಗಾಡಿ ನಿಂತೈತಿ, ಕಿಟಕಿಯಿಂದ ಕಾಣತೈತಿ," ಅಂದಳು.

ನಾನು ಬೆಂಚಿನ ಮೇಲೆ ಕೂತೆ. ಎರಡೂ ಕಡೆ ಹೆಂಗಸರು ಸ್ವಲ್ಪ ಸರಿದು ಜಾಗ ಕೊಟ್ಟರು.

"ಬಾಬಾ, ಗಾಡಿ ಹೋಗತೈತಿ."

"ಹೋಗಲಿ," ಅಂದೆ. "ಹಿಂದ ಇನ್ನೊಂದು ಬರತೈತಿ. ಕುಂದರ್ರಿ ಇಬ್ಬರೂ."

ಕೂತರು. ಬಸ್ಸು ಹೊರಟ ಸದ್ದು ಕೇಳಿತು. ಮೂವರಲ್ಲಿ ಯಾರೂ ಏಳಲಿಲ್ಲ.